ನೀರು ಇಳಿದ ಮೇಲೆ: ಮನೆ ಒಣಗಿಸಿದವರ ಚರಿತ್ರೆ

ನಾನು ಕೆಂಟನ್‌ನಲ್ಲಿ ಇರುವವಳು, ವಯಸ್ಸು ಹದಿನಾರು, ಸೆಕೆಂಡರಿ ಶಾಲೆಯಲ್ಲಿ ಓದುತ್ತಿದ್ದೇನೆ. ಚರಿತ್ರೆ ನನ್ನ ಇಷ್ಟದ ವಿಷಯ. ಈ ತಿಂಗಳ ಲೇಖನ ಪ್ರವಾಹದ ಬಗ್ಗೆ. ಆದರೆ ನೀರು ಬಂದ ದಿನಕ್ಕಿಂತ, ನೀರು ಹೋದ ನಂತರದ ದಿನಗಳ ಬಗ್ಗೆ ಹೆಚ್ಚು ಬರೆದಿದ್ದೇನೆ.

ಚರಿತ್ರೆಯ ಪುಸ್ತಕಗಳಲ್ಲಿ ಒಂದು ಪ್ರವಾಹದ ಬಗ್ಗೆ ಸಾಮಾನ್ಯವಾಗಿ ಮೂರು ಸಂಖ್ಯೆಗಳು ಸಿಗುತ್ತವೆ: ದಿನಾಂಕ, ನೀರಿನ ಎತ್ತರ, ಸತ್ತವರ ಲೆಕ್ಕ. ನಾಲ್ಕನೆಯ ಸಂಖ್ಯೆಯೊಂದು ಇರಬೇಕಿತ್ತು ಎಂದು ನನಗೆ ಅನ್ನಿಸುತ್ತದೆ. ಮನೆ ಒಣಗಲು ಎಷ್ಟು ದಿನ ಹಿಡಿಯಿತು? ಸೇತುವೆಯ ಕಂಬದ ಮೇಲೆ ನೀರಿನ ಮಟ್ಟದ ಗುರುತು ಹಾಕುತ್ತಾರೆ. ಗೋಡೆಯ ತೇವ ಹೋದ ದಿನವನ್ನು ಯಾರೂ ಬರೆದಿಡುವುದಿಲ್ಲ. ಆದರೆ ಆ ಮನೆಯವರನ್ನು ಕೇಳಿದರೆ ಅವರಿಗೆ ಪ್ರವಾಹ ಮುಗಿಯುವುದು ಆ ದಿನವೇ.

ನಾನು ಓದಿದ್ದರಿಂದ ಮತ್ತು ನಮ್ಮ ಮನೆಯವರಿಂದ ಕೇಳಿದ್ದರಿಂದ ನನಗೆ ತಿಳಿದದ್ದು ಇಷ್ಟು: ಮನೆ ಎಷ್ಟು ಬೇಗ ಒಣಗುತ್ತದೆ ಎನ್ನುವುದು ಮೂರು ವಿಷಯಗಳ ಮೇಲೆ ನಿಂತಿದೆ. ಗೋಡೆ ಯಾವುದರದ್ದು, ಬಂದ ನೀರು ಎಂಥದ್ದು, ಖರ್ಚಿನ ದುಡ್ಡು ಯಾರದ್ದು. ಒಂದೊಂದಾಗಿ ನೋಡೋಣ.

ನಮ್ಮ ಕೆಂಟನ್‌ನ ಹಳ್ಳ

ಕೆಂಟನ್‌ನಲ್ಲಿ ಇರುವ ಎಷ್ಟೋ ಜನರಿಗೆ ಇಲ್ಲಿ ಒಂದು ಹಳ್ಳ ಹರಿಯುತ್ತದೆ ಎನ್ನುವುದೇ ಗೊತ್ತಿಲ್ಲ. ವುಡ್‌ಕಾಕ್ ಪಾರ್ಕಿನಲ್ಲಿ ನಡೆದಾಡುವವರು ಅದನ್ನು ನೋಡಿರುತ್ತೀರಿ. ಅದರ ಹೆಸರು ವೀಲ್ಡ್‌ಸ್ಟೋನ್ ಬ್ರೂಕ್. ಅದು ಹ್ಯಾರೋ ಕಡೆಯಿಂದ ಬಂದು, ಕೆಂಟನ್ ದಾಟಿ, ವೆಂಬ್ಲಿಯ ಹತ್ತಿರ ಬ್ರೆಂಟ್ ನದಿಯನ್ನು ಸೇರುತ್ತದೆ. ಬೇಸಿಗೆಯಲ್ಲಿ ನೋಡಿದರೆ ಪಾದ ನೆನೆಯುವಷ್ಟು ನೀರು ಇರುತ್ತದೆ, ಅಷ್ಟೇ.

ಕೆಂಟನ್ ರೈಲು ನಿಲ್ದಾಣ ಶುರುವಾದದ್ದು 1912ರಲ್ಲಿ. ಈಗ ನಾರ್ಥ್‌ವಿಕ್ ಪಾರ್ಕ್ ಎಂದು ಕರೆಯುವ ನಿಲ್ದಾಣ 1923ರಲ್ಲಿ ಬಂತು. ರೈಲಿನ ಹಿಂದೆಯೇ ಮನೆಗಳು ಬಂದವು. ಹೊಲಗದ್ದೆ ಇದ್ದ ಜಾಗದಲ್ಲಿ 1920 ಮತ್ತು 1930ರ ದಶಕಗಳಲ್ಲಿ ಸಾಲು ಸಾಲಾಗಿ ಮನೆ ಕಟ್ಟಿದರು. ನಮ್ಮಲ್ಲಿ ಹಲವರು ಇರುವುದು ಅಂಥ ಮನೆಗಳಲ್ಲೇ. ಮಣ್ಣಿನ ಮೇಲೆ ಬಿದ್ದ ಮಳೆ ನಿಧಾನವಾಗಿ ಇಂಗುತ್ತದೆ. ಹೆಂಚು, ಟಾರು, ಕಾಂಕ್ರೀಟಿನ ಮೇಲೆ ಬಿದ್ದ ಮಳೆ ನೇರವಾಗಿ ಚರಂಡಿಗೆ, ಅಲ್ಲಿಂದ ಹಳ್ಳಕ್ಕೆ ಓಡುತ್ತದೆ. ಆದ್ದರಿಂದ ಸಣ್ಣ ಹಳ್ಳಕ್ಕೂ ಒಮ್ಮೆಲೇ ತುಂಬಿ ಹರಿಯುವ ಗುಣ ಬಂತು.

ಲಂಡನ್ನಿನಲ್ಲಿ ದೊಡ್ಡ ನೀರು ಎಂದರೆ ಥೇಮ್ಸ್ ಮಾತ್ರ ಎಂದು ನಾವು ಅಂದುಕೊಳ್ಳುತ್ತೇವೆ. 1928ರ ಜನವರಿಯಲ್ಲಿ ಥೇಮ್ಸ್ ದಂಡೆ ಒಡೆದು ಹದಿನಾಲ್ಕು ಜನ ಸತ್ತದ್ದು ನಿಜ. ಟೇಟ್ ಗ್ಯಾಲರಿಗೂ ನೀರು ನುಗ್ಗಿತ್ತು. ಆದರೆ ಮಳೆ ಮಾತ್ರವೇ ಸಾಕು ಎನ್ನುವುದಕ್ಕೂ ಉದಾಹರಣೆಗಳಿವೆ. 1975ರ ಆಗಸ್ಟ್ 14ರಂದು ನಮ್ಮಿಂದ ಹೆಚ್ಚು ದೂರವಿಲ್ಲದ ಹ್ಯಾಂಪ್‌ಸ್ಟೆಡ್‌ನಲ್ಲಿ ಮೂರು ಗಂಟೆಯೊಳಗೆ 170 ಮಿ.ಮೀ. ಮಳೆ ಸುರಿಯಿತು. 2021ರ ಜುಲೈನಲ್ಲಿ ಎರಡು ಸಲ, 12ನೇ ಮತ್ತು 25ನೇ ತಾರೀಖು, ಲಂಡನ್ನಿನ ಹಲವು ಕಡೆ ಮಳೆಯ ನೀರು ಮನೆಗಳಿಗೆ ನುಗ್ಗಿತು. ಆಗ ನದಿ ಉಕ್ಕಿರಲಿಲ್ಲ. ಚರಂಡಿ ಉಕ್ಕಿತ್ತು.

ಗೋಡೆ ಯಾವುದರದ್ದು?

ಇಲ್ಲಿನ ಕಟ್ಟಡದ ಕೆಲಸದವರಲ್ಲಿ ಒಂದು ಹಳೆಯ ಲೆಕ್ಕ ಇದೆ. ನೆನೆದ ಇಟ್ಟಿಗೆ ಗೋಡೆ ಒಣಗಲು ಒಂದು ಇಂಚು ದಪ್ಪಕ್ಕೆ ಒಂದು ತಿಂಗಳು ಬೇಕು. ಇದು ಅಂದಾಜಿನ ಲೆಕ್ಕ, ಹವೆ ಮತ್ತು ಗೋಡೆ ನೋಡಿ ಹೆಚ್ಚುಕಡಿಮೆ ಆಗುತ್ತದೆ. ಆದರೂ ನಾಲ್ಕೂವರೆ ಇಂಚಿನ ಗೋಡೆಗೆ ನಾಲ್ಕು ತಿಂಗಳಿಗಿಂತ ಹೆಚ್ಚು ಎಂದಾಯಿತು. ಹೊರಗಿನಿಂದ ಮುಟ್ಟಿ ನೋಡಿದರೆ ಒಣಗಿದ ಹಾಗೆ ಕಾಣುತ್ತದೆ, ಒಳಗೆ ಹಸಿ ಇರುತ್ತದೆ. ಆಗಲೇ ಬಣ್ಣ ಹೊಡೆದರೆ ಕೆಲವು ವಾರಗಳಲ್ಲಿ ಬಣ್ಣ ಉಬ್ಬಿ ಉದುರುತ್ತದೆ, ಹಿಂದೆ ಬೂಷ್ಟು ಬೆಳೆಯುತ್ತದೆ.

1930ರ ದಶಕದ ಮನೆಗಳಲ್ಲಿ ಇನ್ನೂ ಎರಡು ವಿಷಯ ಇವೆ. ಒಂದು, ಎಷ್ಟೋ ಕಡೆ ಗೋಡೆ ಎರಡು ಪದರ, ನಡುವೆ ಟೊಳ್ಳು. ಮಳೆ ಒಳಗೆ ಬರದಿರಲಿ ಎಂದು ಮಾಡಿದ ಟೊಳ್ಳು ಅದು. ಈಗ ಚಳಿಗೆಂದು ಕೆಲವರು ಅದರಲ್ಲಿ ಇನ್ಸುಲೇಷನ್ ತುಂಬಿಸಿರುತ್ತಾರೆ. ಅದು ನೆನೆದರೆ ಗೋಡೆ ಒಣಗುವುದು ಮತ್ತೂ ತಡ. ಎರಡು, ನೆಲ ಮರದ ಹಲಗೆಯದು, ಹಲಗೆಯ ಕೆಳಗೆ ಖಾಲಿ ಜಾಗ. ಮನೆಯೊಳಗಿನ ನೀರು ಹೋಗಿದ್ದರೂ ಹಲಗೆಯ ಕೆಳಗೆ ನಿಂತೇ ಇರುತ್ತದೆ. ಹೊರಗೋಡೆಯ ಬುಡದಲ್ಲಿ ತೂತುಗಳಿರುವ ಇಟ್ಟಿಗೆಗಳನ್ನು ನೋಡಿದ್ದೀರಲ್ಲ, ಅವು ಆ ಜಾಗಕ್ಕೆ ಗಾಳಿ ಹೋಗಲೆಂದು ಇಟ್ಟವು. ಕೆಸರು ಅಲ್ಲಿ ಕಟ್ಟಿಕೊಂಡರೆ ಮರ ಕೊಳೆಯುತ್ತದೆ. ಆದ್ದರಿಂದ ನೀರು ಇಳಿದ ಮೇಲೆ ಮೊದಲ ಕೆಲಸಗಳಲ್ಲಿ ಒಂದು, ಒಂದೆರಡು ಹಲಗೆ ಎತ್ತಿ ಕೆಳಗಿನ ನೀರನ್ನು ಪಂಪಿನಿಂದ ತೆಗೆದು, ಆ ತೂತುಗಳನ್ನು ಬಿಡಿಸುವುದು.

ಈಗ ನಮ್ಮ ಅಜ್ಜಿಯ ಊರಿಗೆ ಹೋಗೋಣ. ಅದು ಬೆಳಗಾವಿ ಜಿಲ್ಲೆಯ ರಾಮದುರ್ಗ ತಾಲೂಕಿನಲ್ಲಿ, ಮಲಪ್ರಭಾ ನದಿಯ ದಂಡೆಗೆ ಇದೆ. ಅಲ್ಲಿ ಹಳೆಯ ಮನೆಗಳು ಮಣ್ಣಿನವು. ಗೋಡೆ ಎರಡು ಅಡಿ ದಪ್ಪ, ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣು ಹಾಕಿದ ಮಾಳಿಗೆ. ಬಿಸಿಲಿಗೆ ಇದರಷ್ಟು ತಂಪಾದ ಮನೆ ಇಲ್ಲ. ಮಳೆ ಕಡಿಮೆ ಬೀಳುವ ಸೀಮೆಗೆ ಸರಿಯಾಗಿ ಹಿರಿಯರು ಮಾಡಿಕೊಂಡದ್ದು. ಆದರೆ ನೀರು ನಿಂತರೆ ಮಣ್ಣಿನ ಗೋಡೆಯ ಬುಡ ಮೆತ್ತಗಾಗುತ್ತದೆ, ಮಾಳಿಗೆಯ ಮಣ್ಣು ನೀರು ಕುಡಿದು ಭಾರವಾಗುತ್ತದೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಬಿಜಾಪುರ, ಬಾಗಲಕೋಟೆ, ಗದಗ, ರಾಯಚೂರು ಕಡೆ ಬಿಡದೆ ಮಳೆ ಸುರಿದಾಗ ಇಂಥ ಮನೆಗಳು ಲಕ್ಷಗಟ್ಟಲೆ ಹಾಳಾದವು. ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಅದೇ ದಿನಗಳಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯವೂ ಮುಳುಗಿತ್ತು.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಮತ್ತೆ ಉಕ್ಕಿತು. ಸವದತ್ತಿ ಹತ್ತಿರದ ನವಿಲುತೀರ್ಥ ಅಣೆಕಟ್ಟು ತುಂಬಿ ನೀರು ಬಿಡಬೇಕಾಯಿತು. ರಾಮದುರ್ಗ, ನರಗುಂದ ತಾಲೂಕಿನ ಕೊಣ್ಣೂರು, ಬಾದಾಮಿ ತಾಲೂಕಿನ ಹಳ್ಳಿಗಳು, ಪಟ್ಟದಕಲ್ಲು ಎಲ್ಲ ಕಡೆ ನೀರಾಯಿತು. ಎಂಟನೇ ಶತಮಾನದ ಚಾಲುಕ್ಯರ ದೇವಾಲಯಗಳ ಸುತ್ತ ನೀರು ನಿಂತ ಚಿತ್ರಗಳನ್ನು ನಾವು ಇಲ್ಲಿ ಟಿ.ವಿ.ಯಲ್ಲಿ ನೋಡಿದೆವು.

ಆ ಚಿತ್ರ ನೆನೆದಾಗಲೆಲ್ಲ ನನಗೊಂದು ಯೋಚನೆ ಬರುತ್ತದೆ. ಪಟ್ಟದಕಲ್ಲಿನ ಗುಡಿಗಳು ಸಾವಿರದ ಇನ್ನೂರು ವರ್ಷಗಳಿಂದ ಮಲಪ್ರಭೆಯ ದಂಡೆಯಲ್ಲೇ ಇವೆ. ಕಲ್ಲನ್ನು ತೊಳೆದರೆ ಸಾಕು, ಒಣಗುತ್ತದೆ. ಆದರೆ ಆ ಗುಡಿ ಕಟ್ಟಿದ ಶಿಲ್ಪಿಗಳು ಇದ್ದ ಮನೆಗಳು ಎಲ್ಲಿವೆ? ಒಂದೂ ನಿಂತಿಲ್ಲ. ಅವು ಮಣ್ಣಿನವು, ಮರದವು ಆಗಿದ್ದಿರಬೇಕು. ಪ್ರತಿ ದೊಡ್ಡ ಮಳೆಯ ನಂತರ ಅವನ್ನು ಮತ್ತೆ ಮೆತ್ತಿ, ಮತ್ತೆ ಕಟ್ಟಿ ಜನ ಬದುಕಿದ್ದಿರಬೇಕು. ಕಲ್ಲಿನ ಚರಿತ್ರೆ ನಮಗೆ ಸಿಕ್ಕಿದೆ, ಒಣಗಿಸಿದ ಕೈಗಳ ಚರಿತ್ರೆ ಸಿಕ್ಕಿಲ್ಲ.

ನೀರು ಎಂಥದ್ದು?

ಎಲ್ಲ ಪ್ರವಾಹದ ನೀರೂ ಒಂದೇ ಅಲ್ಲ. 1953ರ ಜನವರಿ 31ರ ರಾತ್ರಿ ಉತ್ತರ ಸಮುದ್ರ ಉಕ್ಕಿ ಇಂಗ್ಲೆಂಡಿನ ಪೂರ್ವ ಕರಾವಳಿಗೆ ನುಗ್ಗಿತು. ಇಂಗ್ಲೆಂಡಿನಲ್ಲಿ 307 ಜನ ಸತ್ತರು. ಎಸೆಕ್ಸ್‌ನ ಕ್ಯಾನ್ವಿ ದ್ವೀಪದ ಸುಮಾರು 13,000 ಜನ ಊರು ಬಿಡಬೇಕಾಯಿತು. ಅದು ಉಪ್ಪು ನೀರು. ಉಪ್ಪು ಗೋಡೆಯೊಳಗೆ ಕೂತರೆ ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಡಬ್ಬಿಯ ಕಲ್ಲುಪ್ಪು ನೀರೊಡೆಯುವುದಿಲ್ಲವೇ, ಹಾಗೆ. ಅದಕ್ಕೇ ಸಮುದ್ರದ ನೀರು ನುಗ್ಗಿದ ಮನೆಯಲ್ಲಿ ಹಳೆಯ ಗಾರೆಯನ್ನು ಕೆತ್ತಿ ತೆಗೆದು ಹೊಸದು ಹಾಕದೆ ಬೇರೆ ದಾರಿ ಇರುವುದಿಲ್ಲ.

2021ರ ಲಂಡನ್ ನೀರಿನಲ್ಲಿ ಚರಂಡಿಯ ಕೊಳಕು ಸೇರಿತ್ತು. ನಗರದ ಹಳೆಯ ಭಾಗಗಳಲ್ಲಿ ಮಳೆ ನೀರು ಮತ್ತು ಕಕ್ಕಸಿನ ನೀರು ಒಂದೇ ಕೊಳವೆಯಲ್ಲಿ ಹೋಗುತ್ತವೆ. ಕೊಳವೆ ತುಂಬಿದರೆ ಎರಡೂ ಸೇರಿ ಹಿಂದಕ್ಕೆ ಬರುತ್ತವೆ. ಅಂಥ ನೀರು ಮುಟ್ಟಿದ ಕಾರ್ಪೆಟ್, ಹಾಸಿಗೆ, ಸೋಫಾಗಳನ್ನು ಒಣಗಿಸಿ ಉಪಯೋಗವಿಲ್ಲ, ಎಸೆಯಬೇಕು.

ಮಲಪ್ರಭೆಯ ನೀರಿನಲ್ಲಿ ಕರಿಮಣ್ಣು ಇತ್ತು. ನಮ್ಮ ಅಪ್ಪ ಆ ಸಲ ಮೂರು ವಾರ ರಜೆ ಹಾಕಿ ಊರಿಗೆ ಹೋಗಿದ್ದರು. ಪಡಸಾಲೆಯಲ್ಲಿ ಮೊಣಕಾಲಿನವರೆಗೆ ರಾಡಿ ಇತ್ತಂತೆ. ಅದು ಹಸಿ ಇರುವಾಗಲೇ ಸಲಿಕೆಯಿಂದ ಎತ್ತಿ ಬುಟ್ಟಿ ಬುಟ್ಟಿ ಹೊರಗೆ ಹಾಕಬೇಕು. ಒಣಗಿದರೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಕೈ ಹಾಕುವ ಮೊದಲು ಕೋಲಿನಿಂದ ತಡಕಬೇಕು, ಹಾವು ಚೇಳು ಸೇರಿಕೊಂಡಿರುತ್ತವೆ. ನೆಲದೊಳಗಿನ ಹಗೇವಿಗೆ ನೀರು ಹೊಕ್ಕಿದ್ದರಿಂದ ಜೋಳ ಕೊಳೆತು ಅದರ ವಾಸನೆಗೆ ಮನೆಯೊಳಗೆ ನಿಲ್ಲಲು ಆಗುತ್ತಿರಲಿಲ್ಲವಂತೆ. ಬಾವಿಯ ನೀರನ್ನೆಲ್ಲ ಎತ್ತಿ ಹೊರಗೆ ಚೆಲ್ಲಿ ಬ್ಲೀಚಿಂಗ್ ಪೌಡರ್ ಹಾಕಿದರು.

ಈ ಬ್ಲೀಚಿಂಗ್ ಪೌಡರಿಗೂ ಚರಿತ್ರೆ ಇದೆ. 1799ರಲ್ಲಿ ಗ್ಲಾಸ್ಗೋದ ಚಾರ್ಲ್ಸ್ ಟೆನೆಂಟ್ ಎಂಬಾತ ಇದರ ಪೇಟೆಂಟ್ ಪಡೆದದ್ದು ಬಟ್ಟೆ ಬೆಳ್ಳಗೆ ಮಾಡಲೆಂದು. ಸುಣ್ಣ ಮತ್ತು ಕ್ಲೋರಿನ್ ಸೇರಿಸಿ ಮಾಡಿದ ಪುಡಿ ಅದು. ಅದಕ್ಕೆ ಬಳಸಿದ ಸುಣ್ಣ ನಮ್ಮ ಅಜ್ಜಿಗೆ ಹೊಸದಲ್ಲ. ಗೋಡೆ ಆರಿದ ಮೇಲೆ ಸುಣ್ಣ ಬಳಿಯುವುದು ನಮ್ಮಲ್ಲಿ ಮೊದಲಿನಿಂದ ಇದೆ. ಸುಣ್ಣ ಬೂಷ್ಟನ್ನು ತಡೆಯುತ್ತದೆ, ಗೋಡೆಯ ತೇವ ಹೊರಗೆ ಹೋಗುವುದಕ್ಕೂ ಬಿಡುತ್ತದೆ. ಪ್ಲಾಸ್ಟಿಕ್ ಬಣ್ಣ ತೇವವನ್ನು ಒಳಗೇ ಹಿಡಿದಿಡುತ್ತದೆ. ಇಂಗ್ಲೆಂಡಿನಲ್ಲೂ ಹಳೆಯ ಇಟ್ಟಿಗೆ ಮನೆಗಳಿಗೆ ಸುಣ್ಣದ ಗಾರೆಯೇ ಒಳ್ಳೆಯದು ಎಂದು ತಿಳಿದವರು ಈಗ ಹೇಳುತ್ತಾರೆ.

ಇಲ್ಲಿ ಮನೆ ಒಣಗಿಸಲು ಬಾಡಿಗೆಗೆ ತರುವ ಡಿಹ್ಯುಮಿಡಿಫೈಯರ್ ಯಂತ್ರದ ಮೂಲವೂ ಬೇರೆಯೇ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಂದು ಮುದ್ರಣಾಲಯದಲ್ಲಿ ತೇವಕ್ಕೆ ಕಾಗದ ಹಿಗ್ಗಿ ಬಣ್ಣಗಳು ಸರಿಯಾಗಿ ಕೂರುತ್ತಿರಲಿಲ್ಲ. ವಿಲಿಸ್ ಕ್ಯಾರಿಯರ್ ಎಂಬ ಯುವ ಎಂಜಿನಿಯರ್ ಗಾಳಿಯನ್ನು ತಣ್ಣನೆಯ ಕೊಳವೆಗಳ ಮೇಲೆ ಹಾಯಿಸಿ ಅದರ ತೇವ ಇಳಿಸುವ ಏರ್ಪಾಟು ಮಾಡಿದ. ಏರ್ ಕಂಡೀಷನರ್ ಹುಟ್ಟಿದ್ದು ಅಲ್ಲೇ. ಇವತ್ತಿನ ಒಣಗಿಸುವ ಯಂತ್ರವೂ ಅದೇ ತತ್ತ್ವದ್ದು. ತಣ್ಣನೆಯ ಲೋಟದ ಹೊರಗೆ ನೀರು ಕಟ್ಟುವ ಹಾಗೆ ಯಂತ್ರದೊಳಗೆ ಗಾಳಿಯ ತೇವ ನೀರಾಗಿ ಡಬ್ಬಿಗೆ ಬೀಳುತ್ತದೆ. ಯಂತ್ರ ಓಡುವಾಗ ಕಿಟಕಿ ಮುಚ್ಚಿರಬೇಕು, ಇಲ್ಲದಿದ್ದರೆ ಅದು ಹೊರಗಿನ ಗಾಳಿಯನ್ನೇ ಒಣಗಿಸುತ್ತಾ ಕೂರುತ್ತದೆ. ಯಂತ್ರ ಇಲ್ಲದಿದ್ದರೆ ಕಿಟಕಿ ತೆರೆದು ಗಾಳಿ ಆಡಿಸಬೇಕು.

ನಮ್ಮ ಊರಲ್ಲಿ ಯಂತ್ರ ಇರಲಿಲ್ಲ. ಗಾಳಿ ಬಿಸಿಲಿಗೆ ಕಾಯಬೇಕಿತ್ತು. ಆಗಸ್ಟ್‌ನಲ್ಲಿ ಹೊಳೆ ಇಳಿದರೂ ಮಳೆಗಾಲ ಮುಗಿದಿರಲಿಲ್ಲ. ಅಕ್ಟೋಬರಿನಲ್ಲಿ ಮತ್ತೆ ಮಳೆಯಾಯಿತು. ನಾನು ಫೋನಿನಲ್ಲಿ ಕೇಳಿದಾಗ ಅಜ್ಜಿ ಹೇಳಿದ್ದು ಹೀಗೆ: "ನೀರ ಮೂರ ದಿನಕ್ಕ ಹೋತವ್ವಾ. ಹಸಿ ಹೋಗಾಕ ಸಂಕ್ರಾಂತಿ ಬಂತು." ಅಂದರೆ ಐದು ತಿಂಗಳು. ನಮ್ಮ ಊರಿನ ಮಟ್ಟಿಗೆ ನಾನು ಹುಡುಕುತ್ತಿದ್ದ ನಾಲ್ಕನೆಯ ಸಂಖ್ಯೆ ಅದು.

ದುಡ್ಡು ಯಾರದ್ದು?

2007ರ ಜೂನ್, ಜುಲೈನಲ್ಲಿ ಇಂಗ್ಲೆಂಡಿನ ಹಲ್, ಶೆಫೀಲ್ಡ್, ಗ್ಲಾಸ್ಟರ್‌ಶೈರ್ ಕಡೆ ದೊಡ್ಡ ಪ್ರವಾಹವಾಯಿತು. ಸುಮಾರು 55,000 ಮನೆ ಮತ್ತು ಇತರ ಕಟ್ಟಡಗಳಿಗೆ ನೀರು ನುಗ್ಗಿತು. ಸರ್ ಮೈಕೆಲ್ ಪಿಟ್ ಅವರು ಮರುವರ್ಷ ಕೊಟ್ಟ ವರದಿಯಲ್ಲಿ 92 ಶಿಫಾರಸುಗಳಿದ್ದವು. ಆಗಲೂ, ಅಂದರೆ ಒಂದು ವರ್ಷದ ನಂತರವೂ, ಸಾವಿರಾರು ಕುಟುಂಬಗಳು ತಮ್ಮ ಮನೆಗೆ ಹಿಂದಿರುಗಿರಲಿಲ್ಲ. ಕೆಲವರು ಮನೆಯ ಮುಂದೆಯೇ ಕ್ಯಾರವಾನ್ ನಿಲ್ಲಿಸಿಕೊಂಡು ಅದರಲ್ಲಿ ಇದ್ದರು. ವಿಮೆಯವರು ಬರಬೇಕು, ಒಣಗಿಸುವವರು ಬರಬೇಕು, ತೇವ ಅಳೆದು ಸರಿ ಎನ್ನಬೇಕು, ಆಮೇಲೆ ಗಾರೆಯವರು. ಒಬ್ಬರು ತಪ್ಪಿದರೆ ಎಲ್ಲವೂ ನಿಂತಿತು.

2016ರಿಂದ ಬ್ರಿಟನ್ನಿನಲ್ಲಿ ಫ್ಲಡ್ ರೀ ಎಂಬ ವ್ಯವಸ್ಥೆ ಇದೆ. ಪ್ರವಾಹದ ಅಪಾಯ ಇರುವ ಮನೆಗೂ ಕೈಗೆಟುಕುವ ವಿಮೆ ಸಿಗಲಿ ಎಂದು ಮಾಡಿದ್ದು. 2009ರಿಂದ ಈಚೆ ಕಟ್ಟಿದ ಮನೆಗಳು ಇದರಲ್ಲಿ ಸೇರುವುದಿಲ್ಲ. ಅಪಾಯದ ಜಾಗದಲ್ಲಿ ಹೊಸ ಮನೆ ಕಟ್ಟುವವರಿಗೆ ಉತ್ತೇಜನ ಆಗಬಾರದು ಎನ್ನುವುದು ಕಾರಣ.

ನಮ್ಮ ಊರಲ್ಲಿ ಮನೆಗೆ ವಿಮೆ ಮಾಡಿಸಿದವರು ಯಾರೂ ಇರಲಿಲ್ಲ. ಅಲ್ಲಿ ಸರ್ಕಾರದ ಪರಿಹಾರವೇ ಆಧಾರ. 2019ರಲ್ಲಿ ತಕ್ಷಣದ ಖರ್ಚಿಗೆ ಕುಟುಂಬಕ್ಕೆ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಎಂದು ರಾಜ್ಯ ಸರ್ಕಾರ ಘೋಷಿಸಿತ್ತು. ಹಾನಿ ಎಷ್ಟು ಎಂದು ನೋಡಿ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಿದರು.

ಇಲ್ಲಿಯೇ ಒಣಗುವ ವಿಷಯ ಮುಖ್ಯವಾಗುವುದು. ಮಣ್ಣಿನ ಗೋಡೆ ನೀರಿನಲ್ಲಿ ನಿಂತಾಗ ಎಷ್ಟೋ ಸಲ ಬೀಳುವುದಿಲ್ಲ. ನೀರು ಇಳಿದು ಬಿಸಿಲು ಬಿದ್ದ ಮೇಲೆ, ಹೊರಮೈ ಬೇಗ ಒಣಗಿ ಬಿರುಕು ಬಿಟ್ಟು, ಒಳಗೆ ಮೆತ್ತಗೆ ಇದ್ದದ್ದು ಕುಸಿಯುತ್ತದೆ. ನಮ್ಮ ಮನೆಯನ್ನು ನೋಡಿ ಬರೆದುಕೊಂಡು ಹೋದ ದಿನ ಪಡಸಾಲೆಯ ಗೋಡೆ ನಿಂತಿತ್ತು. ಹನ್ನೊಂದು ದಿನದ ಮೇಲೆ ರಾತ್ರಿ ಬಿತ್ತು. ಅಜ್ಜಿ ಆಗ ಊರ ಶಾಲೆಯಲ್ಲಿ ಮಲಗುತ್ತಿದ್ದರು, ಅದಕ್ಕೇ ಉಳಿದರು. ಕಾಕಾ ಮತ್ತೆ ಅರ್ಜಿ ಕೊಟ್ಟು, ಮತ್ತೆ ನೋಡಿಸಿ, ಕಾಗದದಲ್ಲಿ ಆ ಗೋಡೆಯೂ ಬೀಳುವ ಹೊತ್ತಿಗೆ ದೀಪಾವಳಿ ಕಳೆದಿತ್ತು. ಪ್ರವಾಹ ಮೂರು ದಿನದ್ದು ಎಂದು ಎಣಿಸಿದರೆ ಹನ್ನೊಂದನೇ ದಿನ ಬಿದ್ದ ಗೋಡೆ ಯಾವ ಲೆಕ್ಕಕ್ಕೂ ಬರುವುದಿಲ್ಲ. ಹಾಗಾಗಿ ನಾಲ್ಕನೆಯ ಸಂಖ್ಯೆ ಬರೀ ಕುತೂಹಲಕ್ಕೆ ಬೇಕಾದದ್ದಲ್ಲ. ಅದರ ಮೇಲೆ ಜನರ ಹಕ್ಕು ನಿಂತಿದೆ.

ಬರೆದಿಟ್ಟವರು ಯಾರು?

ಈ ಚರಿತ್ರೆಯನ್ನು ಯಾರೂ ಬರೆದೇ ಇಲ್ಲ ಎಂದರೆ ತಪ್ಪಾಗುತ್ತದೆ. ಹಲ್ ನಗರದ ಪ್ರವಾಹದ ನಂತರ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು ಅಲ್ಲಿನ ನಿವಾಸಿಗಳಿಗೆ ವಾರ ವಾರ ಡೈರಿ ಬರೆಯಲು ಕೇಳಿಕೊಂಡರು. ಒಂದು ವರ್ಷಕ್ಕೂ ಹೆಚ್ಚು ಕಾಲ ಜನ ಬರೆದರು. ಅದರಿಂದ ಕಂಡದ್ದು ಏನೆಂದರೆ, ನೀರು ಬಂದ ದಿನಕ್ಕಿಂತ ಆಮೇಲಿನ ತಿಂಗಳುಗಳೇ ಹಲವರಿಗೆ ಹೆಚ್ಚು ಕಷ್ಟವಾಗಿದ್ದವು. ನಮ್ಮ ಅಜ್ಜಿ ಒಂದೇ ವಾಕ್ಯದಲ್ಲಿ ಹೇಳಿದ್ದೂ ಅದನ್ನೇ.

ಬೇಗ ಒಣಗುವ ಮನೆ ಕಟ್ಟುವುದು ಹೇಗೆ ಎಂದು ಯೋಚಿಸುವವರೂ ಇದ್ದಾರೆ. ಕೆಂಟನ್‌ನಿಂದ ರೈಲು ಹತ್ತಿದರೆ ಸಿಗುವ ವಾಟ್‌ಫರ್ಡ್‌ನ ಬಳಿ, ಗಾರ್ಸ್ಟನ್‌ನಲ್ಲಿ, ಬಿ.ಆರ್.ಇ. ಎಂಬ ಕಟ್ಟಡ ಸಂಶೋಧನಾ ಸಂಸ್ಥೆ ಇದೆ. 2017ರಲ್ಲಿ ಅಲ್ಲಿ ಒಂದು ಮಾದರಿ ಮನೆ ತೋರಿಸಿದರು. ಪ್ಲಗ್ ಸಾಕೆಟ್‌ಗಳು ಎತ್ತರದಲ್ಲಿ, ನೀರು ಹೀರದ ಇನ್ಸುಲೇಷನ್, ಒಳಗೆ ಬಂದ ನೀರನ್ನು ಹೊರಹಾಕಲು ನೆಲದಲ್ಲಿ ಪಂಪು. ನೀರು ಬರುವುದೇ ಇಲ್ಲ ಎಂದು ನಂಬುವುದಕ್ಕಿಂತ, ಬಂದರೆ ಬೇಗ ತೊಳೆದು ಒಳಗೆ ಹೋಗೋಣ ಎನ್ನುವ ಲೆಕ್ಕ ಅದು.

ನಮ್ಮ ಊರಲ್ಲೂ ಕಾಕಾ ಹೊಸ ಮನೆ ಕಟ್ಟಿದಾಗ ಅದನ್ನೇ ಮಾಡಿದರು, ಯಾರ ಮಾದರಿಯನ್ನೂ ನೋಡದೆ. ಕಟ್ಟೆ ಮೂರು ಅಡಿ ಎತ್ತರಿಸಿದರು, ಸ್ವಿಚ್‌ಬೋರ್ಡುಗಳನ್ನು ಎದೆಮಟ್ಟಕ್ಕಿಂತ ಮೇಲೆ ಹಾಕಿಸಿದರು. ಜೋಳ ಈಗ ಹಗೇವಿನಲ್ಲಿ ಇಲ್ಲ, ಅಟ್ಟದ ಮೇಲೆ ಚೀಲದಲ್ಲಿ ಇದೆ. ನದಿಯಿಂದ ದೂರ ಹೋಗಬಹುದಿತ್ತಲ್ಲ ಎಂದು ನಾನು ಕೇಳಿದೆ. ಹೊಲ ಇಲ್ಲೇ ಇದೆ, ದನ ಇಲ್ಲೇ ಇವೆ, ಎಲ್ಲಿಗೆ ಹೋಗುವುದು ಎಂದರು.

ಕೊನೆಯದಾಗಿ ಒಂದು ವಿನಂತಿ. ನಮ್ಮ ಕನ್ನಡ ಶಾಲೆಯ ಕುಟುಂಬಗಳಲ್ಲಿ ಕೊಡಗಿನವರು ಇದ್ದೀರಿ, 2018ರ ಆಗಸ್ಟ್ ನೋಡಿದವರು. ಬೆಂಗಳೂರಿನವರು ಇದ್ದೀರಿ, 2022ರ ಸೆಪ್ಟೆಂಬರ್‌ನಲ್ಲಿ ಮನೆಯ ಸಂಪಿಗೆ ಕೊಳಕು ನೀರು ಸೇರಿದವರು. ನೇತ್ರಾವತಿಯ ದಂಡೆಯವರು, 1974ರ ನೆರೆಯನ್ನು ಹಿರಿಯರಿಂದ ಕೇಳಿದವರು ಇರಬಹುದು. ನೀರು ಎಷ್ಟು ಎತ್ತರ ಬಂತು ಎಂದು ಎಲ್ಲರೂ ಕೇಳುತ್ತಾರೆ. ನೀವು ನಿಮ್ಮ ಅಜ್ಜ ಅಜ್ಜಿಯರನ್ನು ಇನ್ನೂ ನಾಲ್ಕು ಪ್ರಶ್ನೆ ಕೇಳಿ: ಮೊದಲು ಯಾವುದನ್ನು ತೊಳೆದಿರಿ? ಯಾವುದನ್ನು ಎಸೆದಿರಿ? ಯಾರು ಸಹಾಯಕ್ಕೆ ಬಂದರು? ಮನೆ ಯಾವ ಹಬ್ಬದ ಹೊತ್ತಿಗೆ ಒಣಗಿತು? ಉತ್ತರವನ್ನು ದಿನಾಂಕ ಹಾಕಿ ಬರೆದಿಡಿ, ಸಾಧ್ಯವಾದರೆ ನಮ್ಮ ಪತ್ರಿಕೆಗೂ ಕಳಿಸಿ. ಸೇತುವೆಯ ಮೇಲಿನ ಗುರುತಿನ ಪಕ್ಕದಲ್ಲಿ ಇಡಬೇಕಾದ ಇನ್ನೊಂದು ಗುರುತು ಅದು.